ಕ್ಯೂಸೆಕ್ ಅಂದರೆ ಎಷ್ಟು ಕೊಡ?

ಸಂವಹನದ ಮಾದರಿ, ಜಾಲ, ಅಡೆತಡೆಗಳೆಂದು ಪರೀಕ್ಷೆಗೆ ಓದುವುದು ಕಚೇರಿಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ ಎಂದು ತಾವು ಕೇಳಿದ್ದೀರಿ. ಬಾಗಲಕೋಟೆ ಜಿಲ್ಲೆಯ ಕೃಷ್ಣಾ ತೀರದಲ್ಲಿ ಕಂದಾಯ ನಿರೀಕ್ಷಕನಾಗಿದ್ದು ನಿವೃತ್ತನಾದವನು ನಾನು. ಬರುತ್ತದೆ ಎಂದೇ ನನ್ನ ಉತ್ತರ.

ಸಂದೇಶವು ಕಳಿಸುವವನಿಂದ ಪಡೆಯುವವನಿಗೆ ಹೇಗೆ ಸಾಗುತ್ತದೆಂದು ತೋರಿಸಲು 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಕೊಟ್ಟ ಮಾದರಿಯ ಚಿತ್ರವನ್ನು ಎಲ್ಲರೂ ಬರೆಯುತ್ತಾರೆ. ಮರುವರ್ಷ ವಿಜ್ಞಾನಿ ವಾರನ್ ವೀವರ್ ಅದಕ್ಕೆ ಜೋಡಿಸಿದ ಮೂರು ಪ್ರಶ್ನೆಗಳನ್ನು ಮಾತ್ರ ಮರೆಯುತ್ತಾರೆ: ಸಂಕೇತ ತಪ್ಪಿಲ್ಲದೆ ತಲುಪಿತೇ, ಅದರ ಅರ್ಥ ತಲುಪಿತೇ, ತಲುಪಿದ ಮೇಲೆ ಕೇಳಿದವರ ನಡೆ ಬದಲಾಯಿತೇ? ನಮ್ಮ ಕಚೇರಿಗಳು ಮೊದಲನೆಯದಕ್ಕೆ ಉತ್ತರ ಸಿಕ್ಕೊಡನೆ ಕಡತ ಮುಚ್ಚುತ್ತವೆ.

ಒಂದು ಮಳೆಗಾಲದ ರಾತ್ರಿ, ನದಿಯ ಹರಿವು ಎರಡೂವರೆ ಲಕ್ಷ ಕ್ಯೂಸೆಕ್ ದಾಟಲಿದೆ ಎಂಬ ಸಂದೇಶ ಜಿಲ್ಲಾ ಕೇಂದ್ರದಿಂದ ತಹಶೀಲ್ದಾರರಿಗೆ, ಅವರಿಂದ ನನಗೆ, ನನ್ನಿಂದ ಗ್ರಾಮ ಲೆಕ್ಕಾಧಿಕಾರಿಗೆ, ಕೊನೆಗೆ ಡಂಗುರ ಹೊಡೆಯುವ ವಾಲೀಕಾರನಿಗೆ ತಲುಪಿತು. ಒಂದು ಅಂಕಿಯೂ ತಪ್ಪಲಿಲ್ಲ. ನಸುಕಿನಲ್ಲಿ ನಾನು ಊರಿಗೆ ಹೋದರೆ ಒಂದು ದನವೂ ಕೊಟ್ಟಿಗೆ ಬಿಟ್ಟಿರಲಿಲ್ಲ. ಅಜ್ಜನೊಬ್ಬ ಕೇಳಿದ: "ಕ್ಯೂಸೆಕ್ ಅಂದ್ರ ಎಷ್ಟ್ ಕೊಡಾರೀ ಸಾಹೇಬ್ರ? ನೀರು ಹನಮಪ್ಪನ ಕಟ್ಟಿಗಿ ಬರತೈತೋ ಇಲ್ಲೋ, ಅಷ್ಟ ಹೇಳ್ರಿ." ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ಎಂದು ನಾನು ವಿವರಿಸಲು ಹೊರಟಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎಷ್ಟು ಕ್ಯೂಸೆಕ್ ಹರಿದರೆ ನೀರು ಗುಡಿಯ ಯಾವ ಮೆಟ್ಟಿಲಿಗೆ ಬರುತ್ತದೆಂಬುದು ವಾಲೀಕಾರನಿಗೆ ಗೊತ್ತಿತ್ತು; ನಾವ್ಯಾರೂ ಅವನನ್ನು ಕೇಳಿರಲಿಲ್ಲ. ಮುಂದಿನ ವರ್ಷದಿಂದ ಗುಡಿಯ ಕಟ್ಟೆ, ಹುಣಸೆಮರ, ಶಾಲೆಯ ಗೋಡೆಗಳೇ ನಮ್ಮ ಅಳತೆಗೋಲುಗಳಾದವು.

ಗುಂಪಿನಲ್ಲಿ ಯಾರು ಯಾರೊಂದಿಗೆ ಮಾತಾಡಬಹುದೆಂಬ ಜಾಲಗಳ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಹೆರಾಲ್ಡ್ ಲೆವಿಟ್ 1951ರಲ್ಲಿ ಐದೈದು ಜನರ ಗುಂಪುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಎಲ್ಲವೂ ನಡುವಿನ ಒಬ್ಬನ ಮೂಲಕವೇ ಸಾಗುವ ಚಕ್ರ ಜಾಲದಲ್ಲಿ ತಪ್ಪುಗಳು ಕಡಿಮೆಯಿದ್ದವು, ಪ್ರತಿಯೊಬ್ಬನೂ ಅಕ್ಕಪಕ್ಕದ ಇಬ್ಬರೊಂದಿಗಷ್ಟೇ ಮಾತಾಡುವ ವೃತ್ತಾಕಾರದ ಜಾಲದಲ್ಲಿ ತಪ್ಪು ಹೆಚ್ಚಿದ್ದರೂ ಜನ ಹೆಚ್ಚು ತೃಪ್ತರಾಗಿದ್ದರು. ಪ್ರವಾಹದ ಆದೇಶವನ್ನು ಕೆಳಕ್ಕೆ ಇಳಿಸಲು ಚಕ್ರವೇ ಲೇಸು. ಆಚೆ ದಂಡೆಯ ಸಹೋದ್ಯೋಗಿಯೊಂದಿಗೆ ಮಾತಾಡಲು ಮಾತ್ರ ಫ್ರಾನ್ಸಿನ ಆಡಳಿತ ಚಿಂತಕ ಹೆನ್ರಿ ಫಯೋಲ್ 1916ರಲ್ಲೇ ಸೂಚಿಸಿದ ಅಡ್ಡಹಲಗೆಯ ದಾರಿ ಬೇಕು: ಮೇಲಿನವರ ಒಪ್ಪಿಗೆ ಪಡೆದು ನೇರ ಮಾತಾಡಿ, ಆಮೇಲೆ ಅವರಿಗೆ ತಿಳಿಸುವುದು.

ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ತಡೆ ಇರುವುದು ಸುದ್ದಿ ಮೇಲೇರುವಾಗ. ಆ ರಾತ್ರಿ ನಾನೇ ಕಳಿಸಿದ ವರದಿಯಲ್ಲಿ "ಗ್ರಾಮಸ್ಥರಿಗೆ ಎಚ್ಚರಿಕೆ ನೀಡಲಾಗಿದೆ" ಎಂದಿತ್ತು. ಅದರಲ್ಲಿ ಒಂದು ಪದವೂ ಸುಳ್ಳಲ್ಲ, ಆದ್ದರಿಂದಲೇ ಮೇಲಿನ ಯಾರೂ ಮರುಪ್ರಶ್ನೆ ಹಾಕಲಿಲ್ಲ.