ಕೋವಿಡ್ ಕಾಲದಲ್ಲಿ ಥಲಸ್ಸೀಮಿಯಾ ಮಕ್ಕಳ ಮನೆಯವರಿಗೆ ಅಷ್ಟು ಕಷ್ಟ ಏನಿತ್ತು?

ನಿಮ್ಮ ಅಕ್ಕನ ಮಗುವಿಗೆ ಥಲಸ್ಸೀಮಿಯಾ ಇದೆ, ಕೋವಿಡ್ ಮುಗಿದು ಇಷ್ಟು ವರ್ಷವಾದರೂ ಆ ದಿನಗಳ ಮಾತು ಬಂದರೆ ಅಕ್ಕ ಎದ್ದು ಹೋಗುತ್ತಾರೆ ಅಂತ ಬರೆದಿದ್ದೀರಿ. ನನ್ನ ಮಗನಿಗೂ ಥಲಸ್ಸೀಮಿಯಾ ಮೇಜರ್, ಅಂದರೆ ಹುಟ್ಟಿನಿಂದಲೇ ಮೈಯಲ್ಲಿ ಸರಿಯಾಗಿ ರಕ್ತ ತಯಾರಾಗದ ಈ ಕಾಯಿಲೆಯ ಜೋರಾದ ರೂಪ. ಅಕ್ಕನ ಮನಸ್ಸಿನಲ್ಲಿ ಏನಿದೆಯೋ ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ನಮಗೆ ಕೊರೊನಾ ಭಯಕ್ಕಿಂತ ರಕ್ತ ಸಿಗುತ್ತೋ ಇಲ್ವೋ ಅನ್ನೋ ಭಯವೇ ಜಾಸ್ತಿ ಇತ್ತು. ಈ ಮಕ್ಕಳಿಗೆ 2ರಿಂದ 4 ವಾರಕ್ಕೊಮ್ಮೆ ಬ್ಲಡ್ ಹಾಕಿಸಲೇಬೇಕು. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 9ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ರಕ್ತವನ್ನು ತಿಂಗಳುಗಟ್ಟಲೆ ಕೂಡಿಡೋಕೂ ಆಗಲ್ಲ, ಕೆಂಪು ಕಣಗಳ ಪ್ಯಾಕೆಟ್ ಹೆಚ್ಚೆಂದರೆ 42 ದಿನ ಉಳಿಯುತ್ತದೆ. 2020ರ ಮಾರ್ಚ್ 24ರ ರಾತ್ರಿ ಟಿವಿಯಲ್ಲಿ 21 ದಿನ ಲಾಕ್‌ಡೌನ್ ಅಂದಾಗ ಅಕ್ಕಪಕ್ಕದವರು ಅಕ್ಕಿ ಬೇಳೆ ಎಷ್ಟಿದೆ ಅಂತ ನೋಡಿಕೊಂಡರು. ನಾನು ಕ್ಯಾಲೆಂಡರ್ ಹತ್ತಿರ ಹೋಗಿ ಮಗನ ಮುಂದಿನ ಬ್ಲಡ್ ಡೇಟ್ ನೋಡಿದೆ. ಅದು ಆ 21 ದಿನದ ಒಳಗೇ ಇತ್ತು.

ನಾವಿರುವುದು ತಿಪಟೂರಿನ ಕಡೆ, ಬ್ಲಡ್ ಹಾಕಿಸುವುದು ಬೆಂಗಳೂರಿನಲ್ಲಿ. ರೈಲು ನಿಂತಿತ್ತು, ಬಸ್ಸು ನಿಂತಿತ್ತು. ಕಾರು ಮಾಡಿಕೊಳ್ಳಬೇಕು, ಪಾಸ್ ಮಾಡಿಸಬೇಕು, ಚೆಕ್‌ಪೋಸ್ಟಿನಲ್ಲಿ ಪ್ರತಿ ಸಲ ಫೈಲು ಬಿಚ್ಚಿ ತೋರಿಸಬೇಕು. ಅದಾದರೂ ಹೇಗೋ ಆಗುತ್ತಿತ್ತು. ಆದರೆ ಕಾಲೇಜು, ಕಂಪನಿ ಎಲ್ಲಾ ಮುಚ್ಚಿದ್ದರಿಂದ ರಕ್ತದಾನ ಶಿಬಿರಗಳೇ ನಿಂತುಹೋದವು, ಇನ್ನು ಒಬ್ಬೊಬ್ಬರಾಗಿ ಬಂದು ಕೊಡೋಣ ಅಂದರೆ ಆಸ್ಪತ್ರೆ ಮೆಟ್ಟಿಲು ಹತ್ತಲು ಜನಕ್ಕೆ ಹೆದರಿಕೆ. ಡೋನರ್ ಕರೆತನ್ನಿ ಅಂತ ನಮಗೇ ಹೇಳುತ್ತಿದ್ದರು. ಗುರುತು ಪರಿಚಯ ಇಲ್ಲದವರಿಗೆ ಫೋನ್ ಮಾಡಿ ಮಗನ ಕಾಯಿಲೆ ವಿವರಿಸಿ, ದಯವಿಟ್ಟು ಬನ್ನಿ ಅಂತ ಬೇಡಿಕೊಳ್ಳಬೇಕು, ಅವರು ಮನೆಯಲ್ಲಿ ಕೇಳಿ ಹೇಳ್ತೀನಿ ಅಂದು ಮತ್ತೆ ಫೋನ್ ಎತ್ತದಿದ್ದರೆ ಅವರನ್ನು ಬೈಯ್ಯುವ ಹಾಗೂ ಇಲ್ಲ, ಯಾಕಂದರೆ ಅವರ ಭಯವೂ ನಿಜವೇ.

ಬೆಳಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಮಗನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡುವುದು. ಒಳಗೆ ಕೆಂಪಗಿದೆಯಾ, ಬಿಳಚಿಕೊಂಡಿದೆಯಾ ಅಂತ. ಆಮೇಲಾಮೇಲೆ ನಾನು ಹತ್ತಿರ ಹೋದರೆ ಸಾಕು, ಅವನೇ ಬೆರಳಲ್ಲಿ ರೆಪ್ಪೆ ಎಳೆದು ತೋರಿಸುತ್ತಿದ್ದ. ಎಚ್‌ಬಿ ಬಿದ್ದಾಗ ಊಟ ಬೇಡ, ಆಟ ಬೇಡ, ಸುಮ್ನೆ ಮಲಗಿರುತ್ತಾನೆ. ಕರೆದುಕೊಂಡು ಹೋದರೆ ಆಸ್ಪತ್ರೆಯಲ್ಲಿ ಸೋಂಕು ತಗಲುತ್ತದೆ, ಹೋಗದಿದ್ದರೆ ಹೃದಯಕ್ಕೆ ಭಾರ ಬೀಳುತ್ತದೆ. ರಾತ್ರಿಯೆಲ್ಲಾ ಇದೇ ತಲೆಯಲ್ಲಿ.

ಮನೆಯಲ್ಲಿ ಎಲ್ಲರಿಗೂ ಒಂದೊಂದು ಥರ. ನಮ್ಮವರು ಕೆಲಸ ಮಾಡುತ್ತಿದ್ದ ಹೋಟೆಲ್ ಮುಚ್ಚಿತು, ಸಂಬಳ ನಿಂತಿತು. ದಿನವಿಡೀ ಎಲ್ಲರೂ ಮನೆಯಲ್ಲೇ ಇದ್ದರಲ್ಲ, ಎಂದೋ ಮುಗಿದಿದ್ದ ಜಗಳ ಮತ್ತೆ ಶುರುವಾಯ್ತು. ಈ ಕಾಯಿಲೆ ಯಾರ ಕಡೆಯಿಂದ ಬಂತು ಅಂತ! ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ದೋಷ ಇಬ್ಬರಲ್ಲೂ ಇದ್ದರೆ ಮಾತ್ರ ಮಗುವಿಗೆ ಮೇಜರ್ ಬರುವುದು, ಪ್ರತಿ ಬಸಿರಿನಲ್ಲೂ 25 ಪರ್ಸೆಂಟ್ ಸಾಧ್ಯತೆ. ಡಾಕ್ಟರು ಇದನ್ನು ಬಿಡಿಸಿ ಹೇಳಿದ್ದರೂ ದೂರು ಬರುವುದು ಮಾತ್ರ ತಾಯಿಯ ಮೇಲೇ. ಇನ್ನು ದೊಡ್ಡ ಮಗಳು. ಅವಳಿಗೆ ಸೀನು ಬಂದರೆ ಓಡಿಹೋಗಿ ಹಿತ್ತಲಿನಲ್ಲಿ ಸೀನಿ ಬರುತ್ತಿದ್ದಳು. ಯಾರೂ ಹೇಳಿಕೊಟ್ಟಿದ್ದಲ್ಲ. ತಮ್ಮನಿಗೆ ಏನಾದರೂ ಆದರೆ ಅದು ನನ್ನಿಂದಲೇ ಅಂತ ಒಂಬತ್ತು ವರ್ಷದ ಹುಡುಗಿ ಒಬ್ಬಳೇ ಅಂದುಕೊಂಡಿದ್ದಳು. ಇಂಥ ಮನೆಗಳಲ್ಲಿ ಕಾಯಿಲೆ ಇಲ್ಲದ ಮಗುವನ್ನು ಯಾರೂ ವಿಚಾರಿಸುವುದಿಲ್ಲ, ಅದು ನನಗೆ ಈಗಲೂ ತುಂಬಾ ನೋವು ಕೊಡುವ ವಿಷಯ.

ಇನ್ನೊಂದು, ಹೊರಗಿನವರಿಗೆ ಕಾಣದ್ದು. ಬ್ಲಡ್ ಹಾಕುವ ವಾರ್ಡಿನಲ್ಲಿ ಮೊದಲೆಲ್ಲಾ ನಾವು ಅಮ್ಮಂದಿರು ಬೆಳಗ್ಗೆಯಿಂದ ಸಂಜೆವರೆಗೆ ಒಟ್ಟಿಗೆ ಕೂತು ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದೆವು. ಪದೇ ಪದೇ ರಕ್ತ ಹಾಕಿಸಿ ಮೈಯಲ್ಲಿ ಸೇರುವ ಕಬ್ಬಿಣದ ಲೆಕ್ಕ, ಅಂದರೆ ಫೆರಿಟಿನ್, ಎಷ್ಟು ಬಂತು, ಆ ಕಬ್ಬಿಣ ಇಳಿಸುವ ಮಾತ್ರೆ ವಾಂತಿಯಾದರೆ ಏನು ಮಾಡ್ತೀರಿ, ಅತ್ತೆ ಏನಂದರು, ಎಲ್ಲಾ ಅಲ್ಲೇ. ಕೋವಿಡ್ ಬಂದ ಮೇಲೆ ಬೆಡ್ಡುಗಳು ದೂರ ದೂರ, ಮುಖಕ್ಕೆ ಮಾಸ್ಕು, ಮುಗಿದ ಕೂಡಲೇ ಹೊರಡಿ. ಬಿಡಿಸಿ ಹೇಳದೆ ಅರ್ಥವಾಗುವ ಜನ ಅಂತ ಆ ಅಮ್ಮಂದಿರಷ್ಟೇ ಇದ್ದದ್ದು. ಫೋನಿನಲ್ಲಿ ಮಾತಾಡುತ್ತಿದ್ದೆವು, ಆದರೆ ಮನೆಯವರೆಲ್ಲ ಪಕ್ಕದಲ್ಲೇ ಕೂತಿದ್ದಾಗ ಏನಂತ ಹೇಳಿಕೊಳ್ಳುವುದು?

2021ರಲ್ಲಿ ಎರಡನೇ ಅಲೆ ಬಂದಾಗ ಬೇರೆ ತೊಂದರೆ. ಲಸಿಕೆ ಹಾಕಿಸಿಕೊಂಡವರು 28 ದಿನ ರಕ್ತ ಕೊಡುವಂತಿಲ್ಲ ಅಂತ ನಿಯಮವಿತ್ತು, ಮೇ ತಿಂಗಳಲ್ಲಿ ಅದನ್ನು 14 ದಿನಕ್ಕೆ ಇಳಿಸಿದರು. ರಕ್ತ ಕೊಡುವ ವಯಸ್ಸಿನ ಹುಡುಗರಿಗೆಲ್ಲ ಲಸಿಕೆ ಶುರುವಾಗಿದ್ದೂ ಆಗಲೇ. ಲಸಿಕೆ ಹಾಕಿಸುವ ಮೊದಲು ಒಮ್ಮೆ ರಕ್ತ ಕೊಟ್ಟು ಹೋಗ್ರಪ್ಪಾ ಅಂತ ಎಲ್ಲರಿಗೂ ಮೆಸೇಜ್ ಮಾಡುತ್ತಿದ್ದೆವು.

ಆ ಇಡೀ ಕಾಲದಲ್ಲಿ ನನಗೆ ನಿದ್ದೆ ಬರುತ್ತಿದ್ದದ್ದು ಒಂದೇ ಮಾತಿನಿಂದ. ಬ್ಲಡ್ ಬ್ಯಾಂಕಿನ ಹುಡುಗ ಹಿಂದಿನ ದಿನ ಫೋನ್ ಮಾಡಿ "ಯೂನಿಟ್ ಎತ್ತಿಟ್ಟಿದ್ದೀನಿ, ನಾಳೆ ಬನ್ನಿ" ಅನ್ನುತ್ತಿದ್ದ. ಧೈರ್ಯವಾಗಿರಿ ಅಂತ ಎಷ್ಟೋ ಜನ ಹೇಳಿದರು, ಅದರಿಂದ ಏನೂ ಆಗಲಿಲ್ಲ.

ಅದಕ್ಕೇ ಅಕ್ಕನಿಗೆ ಎಲ್ಲಾ ಮುಗಿದುಹೋಯ್ತಲ್ಲ ಅಂತ ಮಾತ್ರ ಹೇಳಬೇಡಿ. ಅವರಿಗೆ ಮುಂದಿನ ಡೇಟ್ ಇದ್ದೇ ಇದೆ. ಡೋನರ್ ಹುಡುಕುವ ಕೆಲಸವನ್ನು ಪೂರ್ತಿ ನೀವು ವಹಿಸಿಕೊಳ್ಳಿ, ಸ್ನೇಹಿತರ ಹೆಸರು, ರಕ್ತದ ಗುಂಪು, ಕೊನೆಯ ಸಲ ಕೊಟ್ಟ ತಾರೀಖು ಬರೆದಿಡಿ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಆಸ್ಪತ್ರೆಗೆ ಒಂದು ಸಲ ಮಗುವನ್ನು ನೀವೇ ಕರೆದುಕೊಂಡು ಹೋಗಿ. ಅಕ್ಕನಿಗೆ ನಿದ್ದೆ ಬರುತ್ತಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ ಅಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮತ್ತೆ, ನಿಮ್ಮ ರಕ್ತವನ್ನೇ ಆ ಮಗುವಿಗೆ ಕೊಡಲು ಹೋಗಬೇಡಿ. ಮುಂದೆ ಬೋನ್ ಮ್ಯಾರೋ ಕಸಿ ಮಾಡಿಸುವ ಯೋಚನೆ ಇದ್ದರೆ ಹತ್ತಿರದ ಸಂಬಂಧಿಕರ ರಕ್ತ ಹಾಕಿಸಬಾರದು ಅಂತ ಡಾಕ್ಟರು ಹೇಳುತ್ತಾರೆ. ನೀವು ಅಕ್ಕನ ಒಡಹುಟ್ಟಿದವರಾದ್ದರಿಂದ ನೀವೂ ವಾಹಕರಾಗಿರಬಹುದು. ಎಚ್‌ಬಿಎ2 ಅನ್ನುವ ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ಮಾಡಿಸಿಕೊಳ್ಳಿ, ಮದುವೆ ಆಗಿಲ್ಲ ಅಂದರೆ ಮದುವೆಗೆ ಮೊದಲೇ.