ಪಿಕಳಾರ ಕೋಗಿಲೆಯಲ್ಲ

‘ಪಿಕ’ ಇರುವುದರಿಂದ ಪಿಕಳಾರವೆಂದರೆ ಕೋಗಿಲೆಯೇ, ಬುಲ್‌ಬುಲ್ ಕೂಡ ಅದೇನಾ ಎಂದು ಕೇಳಿದ್ದೀರಿ. ಕೋಗಿಲೆ ಖಂಡಿತ ಅಲ್ಲ. ಸಂಸ್ಕೃತದ ಪಿಕ ಕೋಗಿಲೆ, ನಿಜ. ಆದರೆ ಕನ್ನಡದ ಪಿಕಳಾರ ಬೇರೆಯೇ ಹಕ್ಕಿ: ಸುಮಾರು 20 ಸೆಂ.ಮೀ. ಉದ್ದ, ಸಾಮಾನ್ಯವಾಗಿ ತಲೆ ಮೇಲೆ ಜುಟ್ಟು. ಕೋಗಿಲೆ ಇದರ ಎರಡರಷ್ಟಿದೆ, ಜುಟ್ಟಿಲ್ಲ.

ಇಂದಿನ ಮಾತಿನಲ್ಲಿ ಬುಲ್‌ಬುಲ್ ಎಂದರೆ ಪಿಕಳಾರವೇ. ಎಡವುವುದು ಅನುವಾದದಲ್ಲಿ. ಪಾರಸಿ ಕಾವ್ಯದ ಬುಲ್‌ಬುಲ್ ನೈಟಿಂಗೇಲ್, ಅದರ ಕುಟುಂಬವೇ ಬೇರೆ. ಗಜಲ್‌ನಲ್ಲಿ ಗುಲಾಬಿಗಾಗಿ ಹಾಡುವ ಹಕ್ಕಿಯನ್ನು ದಯವಿಟ್ಟು ಪಿಕಳಾರ ಮಾಡಬೇಡಿ, ಬುಲ್‌ಬುಲ್ ಎಂದೇ ಉಳಿಸಿ.

ಪಿಕಳಾರಗಳಲ್ಲೇ ಒಂದು ಜಾತಿ ‘ಕೆಮ್ಮೀಸೆ ಪಿಕಳಾರ’, ಎಷ್ಟು ಚೆಂದದ ಹೆಸರು! ಕೆಂಪು + ಮೀಸೆ. ಕಣ್ಣಿನ ಹಿಂದಿನ ಕೆಂಪು ಮಚ್ಚೆಯೇ ಆ ಮೀಸೆ. ಎಳೆಯ ಹಕ್ಕಿಗೆ ಮಚ್ಚೆ ಇರುವುದಿಲ್ಲ, ಆಗ ಬಿಳಿ ಕೆನ್ನೆ ನೋಡಿ ಗುರುತಿಸಿ.