ಚಿಕ್ಕಮಗಳೂರಿನ ಚಳಿಗೆ ಬೆಳಿಗ್ಗೆ ಮಾತ್ರ ಕಾರು ಸ್ಟಾರ್ಟ್ ಆಗದಿದ್ದರೆ ಬ್ಯಾಟರಿ ಬದಲಿಸಲೇಬೇಕೇ?

ಬಹುಶಃ ಬದಲಿಸಬೇಕಾಗುತ್ತದೆ, ಆದರೆ ಮೊದಲು ಪರೀಕ್ಷಿಸಿ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಜೊತೆಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಸ್ಟಾರ್ಟರ್ ಮೋಟಾರಿಗೆ ಹೆಚ್ಚು ಕರೆಂಟ್ ಬೇಕಾಗುತ್ತದೆ. ಆದ್ದರಿಂದಲೇ ಮಧ್ಯಾಹ್ನ ಸರಿಯಾಗಿರುವ ಹಳೆಯ ಬ್ಯಾಟರಿ ಮುಂಜಾನೆ ಕೈಕೊಡುತ್ತದೆ. ಬ್ಯಾಟರಿಗೆ ತಂತಿ ಜೋಡಿಸುವ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಉಜ್ಜಿ ತೆಗೆದು ಕ್ಲಾಂಪ್ ಬಿಗಿ ಮಾಡಿ. ಎಷ್ಟೋ ಬಾರಿ ತೊಂದರೆ ಅಲ್ಲಿಗೇ ಮುಗಿಯುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ 12.6 ವೋಲ್ಟ್‌ನ ಆಸುಪಾಸು ತೋರಿಸಿದರೂ, ಕೀಲಿ ತಿರುಗಿಸಿದಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯುಷ್ಯ ಮುಗಿಯಿತೆಂದೇ ತಿಳಿಯಿರಿ. ಬದಲಿಸುವಾಗ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ: ಅದು ಕಾರಿನ ಲೋಹದ ಬಾಡಿಗೇ ಕೂಡಿಕೊಂಡಿರುವುದರಿಂದ, ಕ್ರಮ ತಪ್ಪಿದರೆ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿ ಶಾರ್ಟ್ ಆಗಿ ಕಿಡಿ ಹಾರುತ್ತದೆ.